ಹೋಮ್ ಲೋನ್, ಕಾರ್ಡ್ ಬಾಕಿ, ಇಬ್ಬರು ಚಿಕ್ಕ ಮಕ್ಕಳು: ತಿಂಗಳಿಗೆ ಉಳಿಯುವ 16,000ವನ್ನು ಮೊದಲು ಯಾವುದಕ್ಕೆ ಹಾಕಬೇಕು?

ತಿಂಗಳಕೊನೆ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬೇರೆ ಬೇರೆ ದೇಶಗಳಲ್ಲಿ ಇರುವವರೂ ಇಲ್ಲಿ ಓದುತ್ತೀರಿ, ಹಾಗಾಗಿ ಕರೆನ್ಸಿ ಬಿಟ್ಟು ಬರೀ ಅಂಕಿ ಹಾಕಿದ್ದೇನೆ.

ಗಂಡ ಹೆಂಡತಿ ಇಬ್ಬರ ಸಂಬಳ ಸೇರಿ ಕೈಗೆ ಬರುವುದು 1,20,000. ಮಗಳಿಗೆ 6 ವರ್ಷ, ಮಗನಿಗೆ 2. ಈಗಿರುವ ಸಾಲ:

- ಹೋಮ್ ಲೋನ್: ಬಾಕಿ 30,00,000, ಫ್ಲೋಟಿಂಗ್ (ದರ ಆಗಾಗ ಬದಲಾಗುವಂಥದ್ದು), ಈಗ ಶೇ 9, ಇನ್ನೂ 240 ತಿಂಗಳು, ಕಂತು 26,992
- ಗಾಡಿ ಸಾಲ: ಬಾಕಿ 2,40,000, ಶೇ 11, ಇನ್ನೂ 36 ತಿಂಗಳು, ಕಂತು 7,857
- ಪರ್ಸನಲ್ ಲೋನ್: ಬಾಕಿ 1,50,000, ಶೇ 16, ಇನ್ನೂ 24 ತಿಂಗಳು, ಕಂತು 7,345
- ಕ್ರೆಡಿಟ್ ಕಾರ್ಡ್: ಬಾಕಿ 80,000, ತಿಂಗಳಿಗೆ ಶೇ 3.5, ಮಿನಿಮಮ್ ಡ್ಯೂ (ತಿಂಗಳಿಗೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಹೆಚ್ಚು ಕಡಿಮೆ 4,000

ಡೇ ಕೇರ್‌ಗೆ 12,000. ಮನೆ ಖರ್ಚೆಲ್ಲ ಕಳೆದು 16,000 ಉಳಿಯುತ್ತದೆ. ಮಗಳ ಶಾಲೆ ಫೀಸು ವರ್ಷಕ್ಕೊಮ್ಮೆ 48,000, ವಿಮೆ ಮತ್ತು ಗಾಡಿ ಸರ್ವಿಸ್ ಸೇರಿ 24,000; ಇವನ್ನು ಸಾಮಾನ್ಯವಾಗಿ ಕಾರ್ಡ್‌ನಲ್ಲಿ ಕಟ್ಟುತ್ತೇವೆ. ಮುಂದಿನ ಫೀಸಿಗೆ ಇನ್ನು ಐದು ತಿಂಗಳಿದೆ. ಉಳಿತಾಯ ಖಾತೆಯಲ್ಲಿ 1,10,000 ಇದೆ, ಶೇ 3 ಬಡ್ಡಿ.

ಮಿಗುವ ಹಣವನ್ನು ಎಲ್ಲಿಗೆ ಹಾಕಬೇಕು? ಕಾರ್ಡ್ ಮತ್ತು ಪರ್ಸನಲ್ ಲೋನ್ ಎರಡನ್ನೂ ಹೋಮ್ ಲೋನ್‌ಗೆ ಟಾಪ್ ಅಪ್ ಆಗಿ ಸೇರಿಸಿಬಿಡಿ, ಕಂತು ತುಂಬಾ ಇಳಿಯುತ್ತದೆ ಎಂದು ಬ್ಯಾಂಕಿನವರು ಹೇಳುತ್ತಿದ್ದಾರೆ. ಒಪ್ಪಿಕೊಳ್ಳಬಹುದೇ?

---

ಅಸಲುಬಡ್ಡಿ ಉತ್ತರ

ಮೊದಲು ಆ 16,000ವನ್ನೇ ನೋಡೋಣ. ಶಾಲೆ ಫೀಸು 48,000, ವಿಮೆ ಮತ್ತು ಸರ್ವಿಸ್ 24,000, ಒಟ್ಟು ವರ್ಷಕ್ಕೆ 72,000. ತಿಂಗಳ ಲೆಕ್ಕಕ್ಕೆ ತಂದರೆ 6,000. ಅಲ್ಲಿಗೆ ನಿಮಗೆ ನಿಜವಾಗಿ ಉಳಿಯುವುದು 10,000 ಮಾತ್ರ. ವರ್ಷಕ್ಕೊಮ್ಮೆ ಬರುವ ಖರ್ಚು ತಿಂಗಳ ಪಟ್ಟಿಯಲ್ಲಿ ಕಾಣುವುದಿಲ್ಲ, ಬಂದಾಗ ಕಾರ್ಡ್ ಮೇಲೆ ಬೀಳುತ್ತದೆ. ಹಾಗಾಗಿಯೇ ಎಷ್ಟೇ ಕಟ್ಟಿದರೂ ಕಾರ್ಡ್ ಬಾಕಿ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ. ಇನ್ನೊಂದು ಉಳಿತಾಯ ಖಾತೆ ತೆರೆದು, ಸಂಬಳ ಬಂದ ದಿನವೇ 6,000 ಅದಕ್ಕೆ ಹೋಗುವಂತೆ ಬ್ಯಾಂಕಿಗೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಡಿ. ಈ ಖಾತೆಗೆ ಡೆಬಿಟ್ ಕಾರ್ಡ್ ತೆಗೆದುಕೊಳ್ಳಬೇಡಿ.

ಮೊದಲ ವರ್ಷ ಒಂದು ತೊಡಕಿದೆ. ಐದು ತಿಂಗಳಲ್ಲಿ ಅಲ್ಲಿ ಸೇರುವುದು 30,000, ಫೀಸು 48,000. ಕಡಿಮೆ ಬೀಳುವ 18,000ವನ್ನು ಉಳಿತಾಯದಿಂದ ಕೊಡಿ, ಕಾರ್ಡ್ ಉಜ್ಜಬೇಡಿ. ಎರಡನೇ ವರ್ಷದಿಂದ ಲೆಕ್ಕ ತಾನಾಗಿ ಸರಿಹೋಗುತ್ತದೆ.

ಇನ್ನು ಆ 10,000. ಅತಿ ಹೆಚ್ಚು ಬಡ್ಡಿಯ ಸಾಲ ಮೊದಲೋ, ಅತಿ ಚಿಕ್ಕ ಸಾಲ ಮೊದಲೋ ಎಂಬ ಜಗಳ ಇಲ್ಲಿ ಆಗಾಗ ನಡೆಯುತ್ತಿರುತ್ತದೆ. ನಿಮಗೆ ಅದರ ಗೊಡವೆಯೇ ಇಲ್ಲ, ಏಕೆಂದರೆ ಎರಡು ಲೆಕ್ಕದಲ್ಲೂ ಸರದಿ ಒಂದೇ: ಕಾರ್ಡ್, ಪರ್ಸನಲ್, ಗಾಡಿ, ಕೊನೆಗೆ ಮನೆ.

ಕಾರ್ಡ್‌ಗೆ ಈಗಿನ 4,000 ಜೊತೆ 10,000 ಸೇರಿಸಿ 14,000ದಂತೆ ಕಟ್ಟಿದರೆ ಏಳನೇ ತಿಂಗಳಲ್ಲಿ ತೀರುತ್ತದೆ. ಆ ಕೊನೆಯ ಕಂತು 6,871 ಮಾತ್ರ, ಉಳಿದದ್ದು ಆ ತಿಂಗಳಿಂದಲೇ ಪರ್ಸನಲ್ ಲೋನ್‌ಗೆ ಹೋಗಲಿ. ಎಂಟನೇ ತಿಂಗಳಿಂದ ಪರ್ಸನಲ್ ಲೋನ್‌ಗೆ 7,345 ಜೊತೆ 14,000, ಅಂದರೆ 21,345. ಅಷ್ಟರಲ್ಲಿ ಅದರ ಬಾಕಿ 1,04,000 ಆಸುಪಾಸಿಗೆ ಇಳಿದಿರುತ್ತದೆ, ಆರು ತಿಂಗಳಲ್ಲಿ ಮುಗಿಯುತ್ತದೆ. ಹದಿನಾಲ್ಕನೇ ತಿಂಗಳಿಂದ ಗಾಡಿ ಸಾಲಕ್ಕೆ 29,202. ಅದಕ್ಕೂ ಆರು ತಿಂಗಳು ಸಾಕು. ಹತ್ತೊಂಬತ್ತನೇ ತಿಂಗಳ ಕೊನೆಗೆ ಹೋಮ್ ಲೋನ್ ಬಿಟ್ಟು ಬೇರೆ ಸಾಲ ಇರುವುದಿಲ್ಲ, ತಿಂಗಳಿಗೆ 29,202 ಕೈಗೆ ಬಿಡುವಾಗುತ್ತದೆ.

ಆಗ ಹೋಮ್ ಲೋನ್ ಬಾಕಿ ಇನ್ನೂ 29,08,000 ಇರುತ್ತದೆ. ನೋಡಿ, 19 ಕಂತು ಕಟ್ಟಿದ ಮೇಲೆ ಅಸಲು ಇಳಿದಿರುವುದು ಬರೀ 91,000ದಷ್ಟು. ಅಲ್ಲಿಂದ ಮುಂದೆ ಬಿಡುವಾದ ಹಣದಲ್ಲಿ ಅರ್ಧ, ಎಂದರೆ 15,000ವನ್ನು ಪ್ರತಿ ತಿಂಗಳು ಹೋಮ್ ಲೋನ್ ಅಸಲಿಗೆ ಹಾಕಿದರೆ ಇನ್ನು 99 ಕಂತಿಗೆ ಸಾಲ ಮುಗಿಯುತ್ತದೆ. ಇಂದಿನಿಂದ ಎಣಿಸಿದರೆ 118 ತಿಂಗಳು, ಹತ್ತು ವರ್ಷಕ್ಕೂ ಕಡಿಮೆ. ಮಿಕ್ಕ 14,000 ಮಕ್ಕಳ ಓದಿಗೆ, ನಿಮ್ಮ ನಿವೃತ್ತಿಗೆ.

ಈ ಲೆಕ್ಕ ನಿಂತಿರುವುದು ಒಂದೇ ಶರತ್ತಿನ ಮೇಲೆ: ಒಂದು ಸಾಲ ತೀರಿದ ತಿಂಗಳೇ ಅದರ ಕಂತಿನ ಹಣ ಪೂರ್ತಿಯಾಗಿ ಮುಂದಿನ ಸಾಲಕ್ಕೆ ತಿರುಗಬೇಕು. ಒಂದೆರಡು ತಿಂಗಳು ಸಂಬಳದ ಖಾತೆಯಲ್ಲಿ ಬಿದ್ದಿದ್ದರೆ ಮನೆ ಖರ್ಚು ಅದನ್ನು ನುಂಗಿರುತ್ತದೆ. ಯಾವಾಗ ನುಂಗಿತು ಎಂದೂ ತಿಳಿಯುವುದಿಲ್ಲ.

ಗಾಡಿ ಸಾಲದ ಶೇ 11 ಫ್ಲ್ಯಾಟ್ ದರವೋ (ಕೊನೆಯವರೆಗೂ ಮೊದಲ ಅಸಲಿನ ಮೇಲೆಯೇ ಹಾಕುವ ಬಡ್ಡಿ), ಇಳಿಯುವ ಬಾಕಿಯ ಮೇಲಿನ ದರವೋ ಎಂದು ಕರಾರು ಪತ್ರ ತೆಗೆದು ನೋಡಿಕೊಳ್ಳಿ. ನೀವು ಕೊಟ್ಟ ಕಂತು ಇಳಿಯುವ ಬಾಕಿಯ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ, ಬಹುಶಃ ತೊಂದರೆ ಇಲ್ಲ. ಆದರೆ ಫ್ಲ್ಯಾಟ್ ದರ ಮೋಸದ ಅಂಕಿ. ಮೂರು ವರ್ಷದ ಸಾಲಕ್ಕೆ ಫ್ಲ್ಯಾಟ್ ಶೇ 7 ಎಂದರೆ ಅಸಲಿ ದರ ಶೇ 12.8ರ ಹತ್ತಿರ.

---

ಚಕ್ರಬಡ್ಡಿ ಉತ್ತರ

ಟಾಪ್ ಅಪ್ ವಿಷಯ ಮಾತ್ರ ಹೇಳುತ್ತೇನೆ.

ಕಾರ್ಡ್‌ನ 80,000ವನ್ನು ಶೇ 9ಕ್ಕೆ 240 ತಿಂಗಳ ಹೋಮ್ ಲೋನ್ ಒಳಗೆ ಸೇರಿಸಿದರೆ ಕಂತು ಬರೀ 720. ನೋಡಲು ಚೆಂದ. ಆದರೆ ಒಟ್ಟು ಕಟ್ಟುವುದು 1,72,747, ಅದರಲ್ಲಿ ಬಡ್ಡಿಯೇ 92,747. ಅದೇ ಬಾಕಿಯನ್ನು ಕಾರ್ಡ್‌ನಲ್ಲೇ ಬಿಟ್ಟು ಅಸಲುಬಡ್ಡಿಯವರು ಹೇಳಿದಂತೆ 14,000ದಂತೆ ತೀರಿಸಿದರೆ ಬಡ್ಡಿ 10,871. ದರ ನಾಲ್ಕೂವರೆ ಪಟ್ಟು ಹೆಚ್ಚಿದ್ದರೂ ಬಡ್ಡಿ ಎಂಟನೇ ಒಂದು ಭಾಗದಷ್ಟು. ವ್ಯತ್ಯಾಸ ಇರುವುದು ಏಳು ತಿಂಗಳಿಗೂ ಇಪ್ಪತ್ತು ವರ್ಷಕ್ಕೂ ನಡುವೆ.

ಟಾಪ್ ಅಪ್ ತೆಗೆದುಕೊಂಡು, ಕಂತು 720 ಇದ್ದರೂ 14,000ವನ್ನೇ ಕಟ್ಟುತ್ತೇನೆ ಎನ್ನುವವರಿಗೆ ಮಾತ್ರ ಇದು ಲಾಭ. ಆಗ ಆರು ತಿಂಗಳಲ್ಲಿ ತೀರಿ ಬಡ್ಡಿ 2,077 ಆಗುತ್ತದೆ, ಉಳಿಯುವುದು ಸುಮಾರು 8,800. ಅದರಿಂದ ಪ್ರೊಸೆಸಿಂಗ್ ಫೀ, ಕಾಗದಪತ್ರದ ಖರ್ಚು ಕಳೆದರೆ ಎಷ್ಟು ಮಿಗುತ್ತದೆ ನೋಡಿ. ಚಿಕ್ಕ ಮೊತ್ತಕ್ಕೆ ಎಷ್ಟೋ ಸಲ ಫೀ ಕಳೆದ ಮೇಲೆ ಏನೂ ಮಿಗುವುದಿಲ್ಲ. ಬ್ಯಾಂಕಿನವರು ನಿಮಗೆ ತೋರಿಸಿದ್ದು ಕಂತು ಎಷ್ಟು ಇಳಿಯುತ್ತದೆ ಎಂಬುದನ್ನು. ಒಟ್ಟು ಎಷ್ಟು ಕಟ್ಟಬೇಕು ಎಂದು ಬರಹದಲ್ಲಿ ಕೇಳಿ, ಮಾತಿನ ಧಾಟಿ ಬದಲಾಗುತ್ತದೆ.

ಇನ್ನೊಂದು ಅಪಾಯ. ಕಾರ್ಡ್ ಮತ್ತು ಪರ್ಸನಲ್ ಲೋನ್‌ಗೆ ಸಾಮಾನ್ಯವಾಗಿ ಅಡಮಾನ ಇರುವುದಿಲ್ಲ. ಹೋಮ್ ಲೋನ್‌ಗೆ ಸೇರಿಸಿದ ಕ್ಷಣ ಅದು ಮನೆಯ ಮೇಲಿನ ಸಾಲ. ಕೆಲಸ ಹೋಗಿ ಕಂತು ತಪ್ಪಿದರೆ ಮೊದಲನೆಯದರಲ್ಲಿ ಕ್ರೆಡಿಟ್ ಸ್ಕೋರ್ ಕೆಡುತ್ತದೆ, ವಸೂಲಿಗೆ ಫೋನ್ ಬರುತ್ತದೆ, ಕೇಸೂ ಆಗಬಹುದು. ಎರಡನೆಯದರಲ್ಲಿ ಮನೆಯೇ ಪಣಕ್ಕೆ ಬೀಳುತ್ತದೆ. ಕಾರ್ಡ್ ಖಾಲಿಯಾದ ಖುಷಿಯಲ್ಲಿ ಮತ್ತೆ ಅದನ್ನು ತುಂಬಿಸಿಕೊಂಡರಂತೂ ಎರಡೆರಡು ಸಾಲ.

ಮಿನಿಮಮ್ ಡ್ಯೂ ಬಗ್ಗೆ ಒಂದು ಮಾತು. 80,000ಕ್ಕೆ ಒಂದು ತಿಂಗಳ ಬಡ್ಡಿ 2,800 ಸೇರಿ 82,800. ಅದರ ಶೇ 5 ಅಂದರೆ 4,140 ಕಟ್ಟಿದರೆ ಉಳಿಯುವುದು 78,660. ಕೊಟ್ಟಿದ್ದು 4,140, ಇಳಿದಿದ್ದು 1,340. ಹೀಗೇ ಮಿನಿಮಮ್ ಕಟ್ಟುತ್ತಾ ಹೋದರೆ ಬಾಕಿ ಅರ್ಧಕ್ಕೆ ಇಳಿಯಲು 41 ತಿಂಗಳು ಬೇಕು, ಅದೂ ಹೊಸದಾಗಿ ಏನೂ ಕೊಳ್ಳದಿದ್ದರೆ. ತಿಂಗಳಿಗೆ ಶೇ 3.5 ಎಂದರೆ ವರ್ಷಕ್ಕೆ 42 ಎನ್ನುತ್ತಾರೆ, ಚಕ್ರಬಡ್ಡಿ ಸೇರಿದರೆ 51 ದಾಟುತ್ತದೆ.

ಹಳೆ ಬಾಕಿ ಉಳಿದಿರುವ ಕಾರ್ಡ್‌ನಲ್ಲಿ ದಿನಸಿ, ಪೆಟ್ರೋಲ್ ಎಂದು ಹೊಸ ಖರೀದಿ ಮಾಡಬೇಡಿ. ಬಾಕಿ ಪೂರ್ತಿ ತೀರಿಸದಿದ್ದರೆ ಬಡ್ಡಿಯಿಲ್ಲದ ದಿನಗಳ ಸೌಲಭ್ಯ ಸಾಮಾನ್ಯವಾಗಿ ರದ್ದಾಗುತ್ತದೆ, ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಓಡುತ್ತದೆ. ತೀರಿದ ಮೇಲೂ ಮುಂದಿನ ಸ್ಟೇಟ್‌ಮೆಂಟ್‌ನಲ್ಲಿ ಚಿಕ್ಕ ಬಡ್ಡಿಯ ತುಂಡೊಂದು ಕಾಣಿಸಬಹುದು: ಸ್ಟೇಟ್‌ಮೆಂಟ್ ದಿನದಿಂದ ನೀವು ಕಟ್ಟಿದ ದಿನದವರೆಗಿನದ್ದು. ಅದನ್ನು ಕಟ್ಟದೆ ಬಿಟ್ಟರೆ ಲೇಟ್ ಫೀ ಬೀಳುತ್ತದೆ.

---

ಗೋಲಕ ಉತ್ತರ

ಮೇಲಿನ ಇಬ್ಬರ ಲೆಕ್ಕವೂ ಸರಿ, ಆದರೆ ಉಳಿತಾಯದ 1,10,000ವನ್ನು ಯಾರೂ ಮುಟ್ಟಲಿಲ್ಲ. ಶೇ 3 ಬರುವ ಕಡೆ ಹಣ ಇಟ್ಟುಕೊಂಡು ಶೇ 42 ಕಟ್ಟುವುದರಲ್ಲಿ ಅರ್ಥವಿಲ್ಲ.

ಇವತ್ತೇ ಉಳಿತಾಯದಿಂದ 70,000 ತೆಗೆದು ಕಾರ್ಡ್‌ಗೆ ಕಟ್ಟಿ. ಉಳಿದ 10,000 ಮುಂದಿನ ಸ್ಟೇಟ್‌ಮೆಂಟ್‌ನಲ್ಲಿ 10,350 ಆಗಿ ಬರುತ್ತದೆ, 14,000ದಲ್ಲಿ ಅದನ್ನು ತೀರಿಸಿ ಮಿಕ್ಕ 3,650 ಉಳಿತಾಯಕ್ಕೆ ಹಾಕಿ. ನಂತರ ಐದು ತಿಂಗಳು ಅದೇ 14,000 ಉಳಿತಾಯಕ್ಕೇ ಹೋಗಲಿ. ಆರನೇ ತಿಂಗಳ ಕೊನೆಗೆ ಕಾರ್ಡ್ ಸೊನ್ನೆ, ಉಳಿತಾಯ 1,13,650 (ಫೀಸಿನ 18,000 ತೆಗೆದರೆ ಅಷ್ಟು ಕಡಿಮೆ). ಅಸಲುಬಡ್ಡಿಯವರ ದಾರಿಯಲ್ಲಿ ಏಳನೇ ತಿಂಗಳಿಗೆ ತಲುಪುವ ಜಾಗಕ್ಕೆ ಒಂದು ತಿಂಗಳು ಮೊದಲೇ ಬಂದಿರುತ್ತೀರಿ, ಬಡ್ಡಿಯಲ್ಲಿ 10,500 ಉಳಿದಿರುತ್ತದೆ. ಅವರ ಮುಂದಿನ ಸರಪಳಿಯೆಲ್ಲ ಹಾಗೆಯೇ, ಒಂದು ತಿಂಗಳು ಹಿಂದಕ್ಕೆ ಸರಿಯುತ್ತದೆ ಅಷ್ಟೇ.

---

ಅಸಲುಬಡ್ಡಿ ಉತ್ತರ

ಗೋಲಕ ಅವರೇ, ಲೆಕ್ಕ ಒಪ್ಪಿದೆ. ಆದರೆ ಮನೆಯಲ್ಲಿ ಎರಡು ವರ್ಷದ ಮಗು ಇದೆ. ಕಂತುಗಳು 46,000, ಮನೆ ಖರ್ಚೂ ಹತ್ತಿರ ಹತ್ತಿರ ಅಷ್ಟೇ. 40,000 ಉಳಿಸಿಕೊಂಡರೆ ಅದು ಹದಿನೈದು ದಿನಕ್ಕೂ ಸಾಲದು. ಖಾಲಿಯಾದ ಕಾರ್ಡ್ ಲಿಮಿಟ್ ಇದೆಯಲ್ಲ ಎನ್ನಬಹುದು, ಆದರೆ ಬ್ಯಾಂಕ್ ಯಾವಾಗ ಬೇಕಾದರೂ ಲಿಮಿಟ್ ಇಳಿಸಬಹುದು. ಇಬ್ಬರ ಕೆಲಸವೂ ಗಟ್ಟಿಯಿದ್ದು, ಬೇರೆ ಬೇರೆ ಕಂಪನಿಯಲ್ಲಿದ್ದು, ಆಸ್ಪತ್ರೆ ಖರ್ಚಿಗೆ ವಿಮೆ ಇದ್ದರೆ ನಿಮ್ಮ ದಾರಿಯೇ ಸರಿ. ಇಬ್ಬರಲ್ಲಿ ಯಾರಾದರೂ ಪ್ರೊಬೇಷನ್‌ನಲ್ಲಿದ್ದರೆ, ಸಂಬಳವಿಲ್ಲದ ರಜೆ ಹಾಕುವವರಿದ್ದರೆ, ಇಬ್ಬರೂ ಒಂದೇ ಕಂಪನಿಯಲ್ಲಿದ್ದರೆ ಉಳಿತಾಯ ಮುಟ್ಟಬೇಡಿ. ಆಗ ಆ 10,500ವನ್ನು ವಿಮೆ ಕಂತು ಎಂದು ತಿಳಿದುಕೊಳ್ಳಿ.

---

ತಿಂಗಳಕೊನೆ ಮರುಪ್ರಶ್ನೆ

ಎಲ್ಲರಿಗೂ ಧನ್ಯವಾದ. ಇಬ್ಬರೂ ಬೇರೆ ಬೇರೆ ಕಡೆ ಕಾಯಂ ಕೆಲಸದಲ್ಲಿದ್ದೇವೆ, ಆಸ್ಪತ್ರೆ ವಿಮೆ ಇದೆ, ಹಾಗಾಗಿ ಗೋಲಕ ಅವರು ಹೇಳಿದಂತೆ 70,000 ಕಟ್ಟುತ್ತೇವೆ. ಟಾಪ್ ಅಪ್ ಬೇಡ ಎಂದು ಹೇಳುತ್ತೇವೆ.

ಇನ್ನೆರಡು ಪ್ರಶ್ನೆ. ಮೂರು ತಿಂಗಳಲ್ಲಿ 1,00,000 ಬೋನಸ್ ಬರುತ್ತದೆ. ಅದನ್ನು ಹೋಮ್ ಲೋನ್‌ಗೆ ಕಟ್ಟೋಣ ಎಂದರೆ ಆ್ಯಪ್‌ನಲ್ಲಿ "ಕಂತು ಇಳಿಸಿ", "ಅವಧಿ ಇಳಿಸಿ" ಎಂದು ಎರಡು ಆಯ್ಕೆ ಕಾಣುತ್ತವೆ. ಯಾವುದು? ಮತ್ತೆ, ಮಕ್ಕಳ ಓದಿಗೆ ಈಗಲೇ ಹೂಡಿಕೆ ಶುರು ಮಾಡುವುದೋ, ಸಾಲ ಮುಗಿಸಿಕೊಂಡು ಆಮೇಲೋ?

---

ಕೋಷ್ಟಕ ಉತ್ತರ

ಬೋನಸ್ ಹೋಮ್ ಲೋನ್‌ಗೆ ಬೇಡ. ನಿಮ್ಮ ಬಳಿ ಶೇ 16ರ ಪರ್ಸನಲ್ ಲೋನ್ ಇನ್ನೂ ಇದೆ. ಮೂರು ತಿಂಗಳಾದ ಮೇಲೆ ಅದರ ಬಾಕಿ 1,33,750ರ ಹತ್ತಿರ ಇರುತ್ತದೆ. 1,00,000 ಹಾಕಿದರೆ ಉಳಿದದ್ದು ಮಾಮೂಲಿ ಕಂತಿನಲ್ಲೇ ಐದು ತಿಂಗಳಿಗೆ ಮುಗಿಯುತ್ತದೆ. ಮೊದಲು ಫೀ ವಿಚಾರಿಸಿ: ಕೆಲವು ಪರ್ಸನಲ್ ಲೋನ್‌ಗಳಲ್ಲಿ ಪಾರ್ಟ್ ಪೇಮೆಂಟ್‌ಗೇ (ಬಾಕಿಯ ಒಂದು ಭಾಗ ಮುಂಚೆಯೇ ಕಟ್ಟುವುದಕ್ಕೆ) ಅವಕಾಶವಿಲ್ಲ, ಕೆಲವದರಲ್ಲಿ ಇಂತಿಷ್ಟು ಕಂತು ಮುಗಿದಿರಬೇಕು, ಕೆಲವದರಲ್ಲಿ ಶೇಕಡಾವಾರು ಫೀ. ಶೇ 4 ಎಂದೇ ಇಟ್ಟುಕೊಂಡರೂ 4,000 ಹೋಗಿ, ಬೋನಸ್ ಹಾಕದೆ ಮೇಲಿನ ಸರಪಳಿಯಂತೆ ತೀರಿಸುವುದಕ್ಕಿಂತ ಬಡ್ಡಿಯಲ್ಲಿ 9,000ದಷ್ಟು ಉಳಿಯುತ್ತದೆ. ಫೀ ಅದಕ್ಕಿಂತ ಜಾಸ್ತಿಯಾದರೆ ಬಿಟ್ಟುಬಿಡಿ.

ಆದರೂ ಹೋಮ್ ಲೋನ್ ಪ್ರಶ್ನೆಗೆ ಉತ್ತರ ಬೇಕು, ಒಂದೂವರೆ ವರ್ಷದಲ್ಲಿ ನೀವು ಅಲ್ಲಿಗೆ ಬರುತ್ತೀರಿ. ಈಗಿನ ಅಂಕಿಗಳಲ್ಲೇ ತೋರಿಸುತ್ತೇನೆ. 30,00,000ಕ್ಕೆ ಶೇ 9ರಂತೆ ಮೊದಲ ತಿಂಗಳ ಬಡ್ಡಿ 22,500. ಕಂತು 26,992ರಲ್ಲಿ ಅಸಲಿಗೆ ಹೋಗುವುದು 4,492. ಇಪ್ಪತ್ತು ವರ್ಷ ಹೀಗೇ ಕಟ್ಟಿದರೆ ಬಡ್ಡಿ ಒಟ್ಟು 34.78 ಲಕ್ಷ.

ಇವತ್ತು 1,00,000 ಅಸಲಿಗೆ ಹಾಕಿ ಅವಧಿ ಇಳಿಸಿದರೆ 20 ತಿಂಗಳಿಗೂ ಹೆಚ್ಚು ಕಡಿಮೆಯಾಗಿ ಬಡ್ಡಿಯಲ್ಲಿ 4.58 ಲಕ್ಷ ಉಳಿಯುತ್ತದೆ. ಅದೇ 1,00,000 ಹಾಕಿ ಕಂತು ಇಳಿಸಿದರೆ ಕಂತು 900 ಕಡಿಮೆ, ಬಡ್ಡಿಯಲ್ಲಿ ಉಳಿಯುವುದು 1.16 ಲಕ್ಷ. ಹಾಗೆಂದು ಕಂತು ಇಳಿಸುವುದು ಸದಾ ಪೆದ್ದತನವಲ್ಲ. ಕಂತು ಇಳಿಸಿಕೊಂಡು, ಆ 900ವನ್ನು ಪ್ರತಿ ತಿಂಗಳು ನೀವೇ ಅಸಲಿಗೆ ಹಾಕುತ್ತಾ ಹೋದರೆ ಫಲ ಅವಧಿ ಇಳಿಸಿದಷ್ಟೇ. ಕಷ್ಟದ ತಿಂಗಳು ಬಂದರೆ ಕಡ್ಡಾಯವಾಗಿ ಕಟ್ಟಬೇಕಾದ ಮೊತ್ತ ಕಡಿಮೆ ಇರುತ್ತದೆ, ಅದೊಂದು ಅನುಕೂಲ. ಮಕ್ಕಳಿರುವ ಮನೆಗೆ ನನಗೆ ಇದೇ ಇಷ್ಟ, ಆದರೆ ಪ್ರತಿ ತಿಂಗಳು ಚಿಕ್ಕ ಮೊತ್ತ ಫೀ ಇಲ್ಲದೆ ಅಸಲಿಗೆ ಜಮೆಯಾಗುವ ಬ್ಯಾಂಕ್ ಆಗಿರಬೇಕು. ಶಿಸ್ತಿನ ಬಗ್ಗೆ ಅನುಮಾನವಿದ್ದರೆ ಕಣ್ಣುಮುಚ್ಚಿ ಅವಧಿ ಇಳಿಸಿ.

"ಬೇಗ ಕಟ್ಟಿದರೆ ಲಾಭ ಜಾಸ್ತಿ, ಕೊನೆಯಲ್ಲಿ ಕಟ್ಟಿ ಪ್ರಯೋಜನವಿಲ್ಲ" ಎಂಬ ಮಾತು ಎಲ್ಲ ಕಡೆ ಕೇಳುತ್ತೀರಿ. ಅರ್ಧ ನಿಜ. 15 ವರ್ಷ ಕಳೆದ ಮೇಲೆ ಬಾಕಿ 13 ಲಕ್ಷ ಇದ್ದಾಗ 1,00,000 ಹಾಕಿದರೆ ಉಳಿಯುವ ಬಡ್ಡಿ ಸುಮಾರು 54,000. ಆದರೆ ಎರಡು ಕಡೆಯೂ ಆ ಹಣ ದುಡಿಯುವುದು ಶೇ 9ರಂತೆಯೇ. ಮೊದಲನೆಯದು ಹದಿನೆಂಟು ವರ್ಷ ದುಡಿದಿದೆ, ಎರಡನೆಯದು ನಾಲ್ಕೂವರೆ ವರ್ಷ, ಅಷ್ಟೇ ಭೇದ. ಹಾಗಾಗಿ ಕೊನೆಯ ವರ್ಷಗಳಲ್ಲಿ ಕಟ್ಟುವುದು ದಂಡ ಎಂದುಕೊಳ್ಳಬೇಡಿ.

ದೊಡ್ಡ ಮೊತ್ತವೇ ಬೇಕೆಂದೇನೂ ಇಲ್ಲ. ಮೊದಲ ತಿಂಗಳಿಂದಲೇ 3,000 ಹೆಚ್ಚಾಗಿ ಕಟ್ಟಿದರೆ ಸಾಲ 186 ತಿಂಗಳಿಗೆ ಮುಗಿದು ಬಡ್ಡಿಯಲ್ಲಿ 9.1 ಲಕ್ಷ ಉಳಿಯುತ್ತದೆ. 5,000 ಹೆಚ್ಚಿಸಿದರೆ 163 ತಿಂಗಳು. ನಿಮ್ಮ ಅಂಕಿಗೆ ನೀವೇ ಲೆಕ್ಕ ಹಾಕಲು ಎಕ್ಸೆಲ್‌ನ ಎನ್‌ಪರ್ (NPER) ಫಂಕ್ಷನ್ ಸಾಕು, ಇನ್ನೆಷ್ಟು ಕಂತು ಎಂದು ಅದು ಹೇಳುತ್ತದೆ: ತಿಂಗಳ ದರ, ಕಂತು, ಬಾಕಿ ಈ ಕ್ರಮದಲ್ಲಿ ಕೊಡಿ. ಕಂತಿಗೆ ಮೈನಸ್ ಚಿಹ್ನೆ ಹಾಕುವುದು ಮರೆತರೆ ಉತ್ತರವೇ ಮೈನಸ್ ಬರುತ್ತದೆ.

ಕಟ್ಟುವಾಗ ಎಡವುವ ಜಾಗಗಳಿವು. ಒಂದು, ಸುಮ್ಮನೆ ಲೋನ್ ಖಾತೆಗೆ ಹಣ ಹಾಕಿದರೆ ಕೆಲವು ಕಡೆ ಅದನ್ನು ಮುಂದಿನ ತಿಂಗಳ ಕಂತಿನ ಅಡ್ವಾನ್ಸ್ ಎಂದು ಇಟ್ಟುಕೊಳ್ಳುತ್ತಾರೆ. ಅಸಲು ಒಂದು ಪೈಸೆಯೂ ಇಳಿಯುವುದಿಲ್ಲ. "ಪಾರ್ಟ್ ಪೇಮೆಂಟ್, ಅಸಲಿಗೆ ಜಮೆ, ಕಂತು ಬದಲಿಸದೆ ಅವಧಿ ಇಳಿಸಿ" ಎಂದು ಬರಹದಲ್ಲಿ ಕೊಟ್ಟು, ಮುಂದಿನ ತಿಂಗಳು ಹೊಸ ಮರುಪಾವತಿ ಪಟ್ಟಿ ತರಿಸಿಕೊಳ್ಳಿ. ಅದರಲ್ಲಿ ಆ ದಿನದ ಅಸಲು ಸರಿಯಾಗಿ ಅಷ್ಟೇ ಇಳಿದಿದೆಯೇ, ಕೊನೆಯ ಕಂತಿನ ತಿಂಗಳು ಹಿಂದಕ್ಕೆ ಬಂದಿದೆಯೇ, ಈ ಎರಡನ್ನೂ ನೋಡಿ. ಎರಡು, ಬಡ್ಡಿ ದಿನದ ಬಾಕಿಯ ಮೇಲೋ ತಿಂಗಳ ಬಾಕಿಯ ಮೇಲೋ ಕೇಳಿಕೊಳ್ಳಿ. ದಿನದ ಬಾಕಿಯಾದರೆ 1,00,000ಕ್ಕೆ ದಿನಕ್ಕೆ 24.66 ಉಳಿಯುತ್ತದೆ, ಹಣ ಬಂದ ದಿನವೇ ಕಟ್ಟಿ. ತಿಂಗಳ ಬಾಕಿಯಾದರೆ ಲೆಕ್ಕ ಹಾಕುವ ದಿನದ ಹಿಂದಿನ ದಿನ ಕಟ್ಟಿದರೂ ಅಷ್ಟೇ, ಆದರೆ ಮಾರನೇ ದಿನ ಕಟ್ಟಿದರೆ ಒಂದು ತಿಂಗಳ ಬಡ್ಡಿ ಹೋಯಿತು.

ಫ್ಲೋಟಿಂಗ್ ಸಾಲದವರಿಗೆ ಇನ್ನೊಂದು. ದರ ಏರಿದಾಗ ಕಂತು ಹಾಗೆಯೇ ಇಟ್ಟು ಅವಧಿಯನ್ನು ಸದ್ದಿಲ್ಲದೆ ಎಳೆಯುವ ರೂಢಿ ಇದೆ. ನಿಮ್ಮದೇ ಸಾಲದಲ್ಲಿ ಶೇ 9 ಹೋಗಿ 10 ಆದರೆ, ಅದೇ ಕಂತಿಗೆ 240 ತಿಂಗಳು ಹೋಗಿ 315 ಆಗುತ್ತದೆ. ಶೇ 10.8 ಮುಟ್ಟಿದರೆ ಒಂದು ತಿಂಗಳ ಬಡ್ಡಿಯೇ 27,000, ಕಂತಿಗಿಂತ ಹೆಚ್ಚು. ಪ್ರತಿ ತಿಂಗಳು ಕಟ್ಟಿದರೂ ಬಾಕಿ ಬೆಳೆಯುತ್ತಾ ಹೋಗುತ್ತದೆ. ದರ ಬದಲಾದ ಮೆಸೇಜ್ ಬಂದ ಕೂಡಲೇ ಉಳಿದ ತಿಂಗಳ ಸಂಖ್ಯೆ ನೋಡಿ, ಎಳೆದಿದ್ದರೆ ಕಂತು ಏರಿಸಿ ಎಂದು ನೀವೇ ಬರೆದುಕೊಡಿ. ಶೇ 10ಕ್ಕೆ 240 ತಿಂಗಳಲ್ಲೇ ಮುಗಿಸಲು 28,951 ಬೇಕು, 2,000ಕ್ಕಿಂತ ಕಡಿಮೆ ಏರಿಕೆ. ದರ ಇಳಿದಾಗ ಉಲ್ಟಾ: ಕಂತು ಇಳಿಸಿ ಎಂದು ಕೇಳಬೇಡಿ.

ನಿಗದಿ ದರದ ಅವಧಿಯಲ್ಲಿ ಇರುವವರು ಇದನ್ನು ಓದುತ್ತಿದ್ದರೆ, ಮುಂಗಡ ಪಾವತಿಗೆ ದಂಡ ಇದೆಯೇ, ವರ್ಷಕ್ಕೆ ಇಷ್ಟರವರೆಗೆ ದಂಡವಿಲ್ಲ ಎಂಬ ಮಿತಿ ಇದೆಯೇ ನೋಡಿಕೊಳ್ಳಿ. ಶೇ 2 ದಂಡವಾದರೂ ಶೇ 9ರ ಸಾಲದಲ್ಲಿ ಮೂರು ತಿಂಗಳೊಳಗೆ ಹುಟ್ಟುತ್ತದೆ. ನಿಗದಿ ಅವಧಿ ಮುಗಿಯಲು ಎರಡು ತಿಂಗಳಷ್ಟೇ ಇದ್ದರೆ ಕಾಯುವುದೇ ಲೇಸು.

---

ಗೋಲಕ ಉತ್ತರ

ಕೋಷ್ಟಕ ಅವರು ಬಿಟ್ಟಿದ್ದು ಒಂದಿದೆ. ಹೋಮ್ ಲೋನ್ ಜೊತೆ ಉಳಿತಾಯ ಖಾತೆ ಜೋಡಿಸಿ, ಅದರಲ್ಲಿರುವ ಹಣ ಕಳೆದು ಉಳಿದ ಬಾಕಿಗೆ ಮಾತ್ರ ಬಡ್ಡಿ ಹಾಕುವ ಸಾಲ ಸಿಗುತ್ತದೆ. ಆಫ್‌ಸೆಟ್ ಎನ್ನುತ್ತಾರೆ, ಕೆಲವು ಕಡೆ ಓವರ್‌ಡ್ರಾಫ್ಟ್ ರೂಪದಲ್ಲಿರುತ್ತದೆ. ತುರ್ತು ನಿಧಿ ಇಡಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ, ಬೇಕಾದಾಗ ಹಣ ಕೈಗೆ ಸಿಗುತ್ತದೆ, ಅಲ್ಲಿಯವರೆಗೆ ಸಾಲದ ದರದಲ್ಲಿ ದುಡಿಯುತ್ತದೆ. ಆದರೆ ದರ ತುಸು ಹೆಚ್ಚಿರುವುದುಂಟು. 30 ಲಕ್ಷಕ್ಕೆ ಶೇ 0.25 ಹೆಚ್ಚು ಎಂದರೆ ವರ್ಷಕ್ಕೆ 7,500. ಶೇ 9.25ರಂತೆ ಅಷ್ಟು ಬಡ್ಡಿ ಉಳಿಯಬೇಕಾದರೆ ಖಾತೆಯಲ್ಲಿ ಸರಾಸರಿ 81,000 ಸದಾ ಇರಬೇಕು. ಅದಕ್ಕಿಂತ ಕಡಿಮೆ ಇಡುವವರಿಗೆ ನಷ್ಟ. ಹೆಚ್ಚಾಗಿ ಕಟ್ಟಿದ್ದನ್ನು ಮತ್ತೆ ತೆಗೆಯಬಹುದು ಎಂಬ ಸೌಲಭ್ಯ ಬೇರೆ, ಅಲ್ಲಿ ಹಣ ಆಗಲೇ ಸಾಲಕ್ಕೆ ಜಮೆಯಾಗಿರುತ್ತದೆ, ವಾಪಸ್ ತೆಗೆಯಲು ಶರತ್ತು, ಮಿತಿ ಇರಬಹುದು.

---

ತೊಟ್ಟಿಲುತಿಜೋರಿ ಉತ್ತರ

ಮಕ್ಕಳ ಓದಿನ ಪ್ರಶ್ನೆಗೆ: ಕಾರ್ಡ್ ಮತ್ತು ಪರ್ಸನಲ್ ಲೋನ್ ತೀರುವವರೆಗೆ ಹೂಡಿಕೆ ಬೇಡ. ಶೇ 16 ಖಚಿತವಾಗಿ ಕೊಡುವ ಹೂಡಿಕೆ ಇಲ್ಲ. ಒಂದು ಅಪವಾದ ಇದೆ, ನಿವೃತ್ತಿ ನಿಧಿಗೆ ನೀವು ಹಾಕಿದಷ್ಟೇ ಕಂಪನಿಯೂ ಹಾಕುವುದಾದರೆ ಅದನ್ನು ಮಾತ್ರ ನಿಲ್ಲಿಸಬೇಡಿ. ಓದಿಗೆ ಬೇಕಾದರೆ ಸಾಲ ಸಿಗುತ್ತದೆ, ಮುಪ್ಪಿಗೆ ಯಾರೂ ಸಾಲ ಕೊಡುವುದಿಲ್ಲ.

ಶೇ 9ರ ಹೋಮ್ ಲೋನ್ ಒಂದೇ ಉಳಿದಾಗ ಲೆಕ್ಕ ಬೇರೆ. ಮಗಳಿಗೆ 18 ತುಂಬಲು ಇನ್ನು ಹನ್ನೆರಡು ವರ್ಷ. ಅಸಲುಬಡ್ಡಿಯವರ ಹಾದಿಯಲ್ಲಿ ಹೋಮ್ ಲೋನ್ ಹತ್ತನೇ ವರ್ಷಕ್ಕೆ ಮುಗಿದರೆ ಆಗ ಬಿಡುವಾಗುವ 42,000ದ ಕಂತೇ ಅವಳ ಕಾಲೇಜಿನ ಬಹುಪಾಲು ಖರ್ಚನ್ನು ಹೊರಬಹುದು. ಅಷ್ಟರ ಮಟ್ಟಿಗೆ ಸಾಲ ತೀರಿಸುವುದೂ ಓದಿನ ಉಳಿತಾಯವೇ. ಹೂಡಿಕೆಯನ್ನು ಹೋಲಿಸುವಾಗ ತೆರಿಗೆ ಕಳೆದ ಗಳಿಕೆಯನ್ನು, ತೆರಿಗೆ ರಿಯಾಯಿತಿ ಇದ್ದರೆ ಅದನ್ನು ಕಳೆದ ಸಾಲದ ದರದೊಂದಿಗೆ ಇಟ್ಟು ನೋಡಿ.

ಡೇ ಕೇರ್ 12,000 ಹೆಚ್ಚೆಂದರೆ ಎರಡು ವರ್ಷ. ಮಗ ಶಾಲೆಗೆ ಹೋದ ಮೇಲೆ ಅವನ ಫೀಸಿಗೂ ತಿಂಗಳಿಗೆ 4,000 ತೆಗೆದಿಟ್ಟರೆ 8,000 ಬಿಡುವಾಗುತ್ತದೆ. ಅದು ಎಲ್ಲಿಗೆ ಹೋಗಬೇಕು ಎಂಬುದನ್ನು ಈಗಲೇ ಇಬ್ಬರೂ ಕೂತು ತೀರ್ಮಾನಿಸಿ. ಸಂಜೆ ಪಾಠ, ಈಜು, ಸಂಗೀತ ಅಂತ ಆ ಹಣಕ್ಕೆ ಹಕ್ಕುದಾರರು ಬೇಗ ಹುಟ್ಟಿಕೊಳ್ಳುತ್ತಾರೆ.

ಯಾರೂ ಜೀವ ವಿಮೆ ಕೇಳಲಿಲ್ಲ. ಒಟ್ಟು ಸಾಲ 34,70,000. ಇಬ್ಬರ ಹೆಸರಲ್ಲೂ ಬರೀ ಟರ್ಮ್ ವಿಮೆ (ಅವಧಿಯೊಳಗೆ ಸತ್ತರೆ ಮಾತ್ರ ಹಣ ಕೊಡುವ ವಿಮೆ) ಇರಬೇಕು, ಇಬ್ಬರಲ್ಲಿ ಯಾರು ಹೋದರೂ ಸಾಲವೂ ತೀರಿ ಮನೆಯೂ ಕೆಲವು ವರ್ಷ ನಡೆಯುವಷ್ಟು. ಸಾಲದ ಜೊತೆಗೇ ಬ್ಯಾಂಕ್ ಮಾರುವ ವಿಮೆಯಲ್ಲಿ ಎರಡು ವಿಷಯ ನೋಡಿ. ಸಾಲ ಇಳಿದಂತೆ ವಿಮೆ ಮೊತ್ತವೂ ಇಳಿಯುವುದೇ? ಪ್ರೀಮಿಯಂ ಅನ್ನು ಸಾಲಕ್ಕೇ ಸೇರಿಸಿದ್ದಾರೆಯೇ? 60,000 ಪ್ರೀಮಿಯಂ ಅನ್ನು ಶೇ 9ಕ್ಕೆ 240 ತಿಂಗಳ ಸಾಲಕ್ಕೆ ಸೇರಿಸಿದರೆ ನೀವು ಕಟ್ಟುವುದು 1,29,560. ಆಗಲೇ ಸೇರಿಸಿದ್ದರೆ ಪಾಲಿಸಿ ಪ್ರತಿ ತೆಗೆದು, ಸಾಲ ಬೇಗ ಮುಗಿದರೆ ಉಳಿದ ಅವಧಿಯ ಪ್ರೀಮಿಯಂ ವಾಪಸ್ ಬರುತ್ತದೆಯೇ ಓದಿ. ಬರುವುದಾದರೆ ಅದನ್ನು ನೀವೇ ಅರ್ಜಿ ಹಾಕಿ ಕೇಳಬೇಕಾಗಬಹುದು. ಹೊಸ ಟರ್ಮ್ ಪಾಲಿಸಿ ಕೈಗೆ ಬರುವ ಮೊದಲು ಹಳೆಯದನ್ನು ರದ್ದು ಮಾಡಬೇಡಿ, ವೈದ್ಯಕೀಯ ಪರೀಕ್ಷೆಯಲ್ಲಿ ಏನಾದರೂ ಸಿಕ್ಕಿದರೆ ಎರಡೂ ಇಲ್ಲದಂತಾಗುತ್ತದೆ.